ಫ್ಲೆಕ್ಸ್‌ಪ್ಲೇಟ್ ಜೋಡಣೆ: ಬಿಗಿಯುವ ಮುನ್ನ ಅಂತರ ಅಳೆಯಿರಿ

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಕಾರುಗಳಲ್ಲಿ ಎಂಜಿನ್ ಮತ್ತು ಟಾರ್ಕ್ ಕನ್ವರ್ಟರ್ ನಡುವಿನ ಕೊಂಡಿಯಾಗಿ ಕೆಲಸ ಮಾಡುವ ತೆಳುವಾದ ಉಕ್ಕಿನ ತಟ್ಟೆಯೇ ಫ್ಲೆಕ್ಸ್‌ಪ್ಲೇಟ್. ಇದರ ನಡುಭಾಗವನ್ನು ಕ್ರ್ಯಾಂಕ್‌ಶಾಫ್ಟ್‌ನ ಹಿಂತುದಿಗೂ ಹೊರಭಾಗವನ್ನು ಕನ್ವರ್ಟರ್‌ಗೂ ಬೋಲ್ಟ್‌ಗಳಿಂದ ಬಿಗಿಯಲಾಗುತ್ತದೆ. ಅಂಚಿನಲ್ಲಿರುವ ರಿಂಗ್ ಗೇರ್‌ನ ಹಲ್ಲುಗಳನ್ನು ಹಿಡಿದು ಸ್ಟಾರ್ಟರ್ ಮೋಟಾರು ಎಂಜಿನ್ನಿಗೆ ಚಾಲನೆ ನೀಡುತ್ತದೆ. ಕ್ಲಚ್ ಇರುವ ಕಾರುಗಳಲ್ಲಿ ಈ ಸ್ಥಾನದಲ್ಲಿ ಭಾರವಾದ ಫ್ಲೈವೀಲ್ ಇರುತ್ತದೆ. ಇಲ್ಲಿ ದ್ರವ ತುಂಬಿದ ಕನ್ವರ್ಟರೇ ಆ ಭಾರವನ್ನು ಒದಗಿಸುವುದರಿಂದ ತಟ್ಟೆ ತೆಳುವಾಗಿದ್ದರೂ ಸಾಕು. (ಭಾರತದಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಪರಿಚಿತವಾದ ಎಎಂಟಿ ಗೇರ್‌ಬಾಕ್ಸ್‌ನಲ್ಲಿ ಇರುವುದು ಸಾಧಾರಣ ಕ್ಲಚ್. ಅದಕ್ಕೆ ಈ ವಿಷಯ ಅನ್ವಯಿಸದು.)

ಬಾಗುವುದೇ ಈ ತಟ್ಟೆಯ ಗುಣ. ಒತ್ತಡ ಮತ್ತು ಶಾಖದಿಂದ ಕನ್ವರ್ಟರ್ ಅಲ್ಪ ಪ್ರಮಾಣದಲ್ಲಿ ಉಬ್ಬುತ್ತದೆ. ಆ ಚಲನೆಯನ್ನು ತಟ್ಟೆ ತಾಳಿಕೊಳ್ಳಬೇಕು. ಜೋಡಣೆ ಓರೆಯಾಗಿದ್ದರೆ ಪ್ರತಿ ಸುತ್ತಿಗೂ ಬಾಗಿ ಬಾಗಿ, ಕ್ರ್ಯಾಂಕ್ ಬೋಲ್ಟ್‌ಗಳ ಸುತ್ತ ಬಿರುಕು ಕಾಣಿಸಿಕೊಳ್ಳುತ್ತದೆ. ಆಗ ಕೇಳಿಬರುವ ಕಟಕಟ ಸದ್ದು ಎಂಜಿನ್ ಬೇರಿಂಗ್ ಸವೆದ ಸದ್ದನ್ನೇ ಹೋಲುತ್ತದೆ. ತಟ್ಟೆಯ ದೋಷಕ್ಕಾಗಿ ಎಂಜಿನ್ನನ್ನೇ ಬಿಚ್ಚಿಹಾಕಿದ ಪ್ರಸಂಗಗಳು ಕಡಿಮೆಯೇನಲ್ಲ. ಎಂಜಿನ್ನಿಗೆ ಕೈಹಾಕುವ ಮೊದಲು ಬೆಲ್‌ಹೌಸಿಂಗ್‌ನ ಕೆಳಮುಚ್ಚಳ ತೆಗೆದು ನೋಡುವುದು ಲೇಸು.

ಮೂಲ ತಟ್ಟೆಯ ಬದಲು ಅನ್ಯ ತಯಾರಕರ ತಟ್ಟೆಯನ್ನು ಅಳವಡಿಸುವ ರೂಢಿ ಹೆಚ್ಚಾಗಿ ಅಮೆರಿಕದ ವಿ8 ಕಾರುಗಳಲ್ಲಿದೆ. ಎಂಜಿನ್ ಶಕ್ತಿ ಹೆಚ್ಚಿಸಿದಾಗ ಅಥವಾ ಬೇರೆ ಗೇರ್‌ಬಾಕ್ಸ್ ಕೂಡಿಸುವಾಗ ಇದು ಅನಿವಾರ್ಯವಾಗುತ್ತದೆ. ರೇಸಿಂಗ್‌ಗೆ ಬಳಸುವ ತಟ್ಟೆಗಳಿಗೆ ಎಸ್‌ಎಫ್‌ಐ 29.1 ಎಂಬ ಸುರಕ್ಷತಾ ಮಾನದಂಡವಿದೆ. ಅತಿವೇಗದಲ್ಲಿ ಸಿಡಿದ ತಟ್ಟೆಯ ಚೂರುಗಳು ಚಾಲಕನ ಕಾಲಿನತ್ತಲೇ ಹಾರಬಹುದಾದ್ದರಿಂದ ಇದು ಕೇವಲ ಕಾಗದದ ನಿಯಮವಲ್ಲ.

ಆಯ್ಕೆಯಲ್ಲೇ ತೊಡಕು

1955ರಲ್ಲಿ ಬಂದ ಷೆವ್ರೊಲೆ ಸ್ಮಾಲ್ ಬ್ಲಾಕ್ ಎಂಜಿನ್ನನ್ನೇ ಉದಾಹರಣೆಯಾಗಿ ನೋಡಬಹುದು. ಇದಕ್ಕೆ 153 ಹಲ್ಲಿನ ಚಿಕ್ಕ ತಟ್ಟೆಯೂ 168 ಹಲ್ಲಿನ ದೊಡ್ಡ ತಟ್ಟೆಯೂ ಇವೆ. ಒಂದರ ಸ್ಟಾರ್ಟರ್ ಇನ್ನೊಂದಕ್ಕೆ ಹೊಂದುವುದಿಲ್ಲ. ಕನ್ವರ್ಟರ್ ಬೋಲ್ಟ್‌ಗಳ ವೃತ್ತ 10.75 ಅಂಗುಲವೂ ಇರಬಹುದು, 11.5 ಅಂಗುಲವೂ ಇರಬಹುದು. 1986ರಲ್ಲಿ ಹಿಂಬದಿಯ ಆಯಿಲ್ ಸೀಲ್ ಒಂದೇ ತುಂಡಿನದಾದಾಗ ಕ್ರ್ಯಾಂಕ್ ಬೋಲ್ಟ್‌ಗಳ ವೃತ್ತ 3.58 ಅಂಗುಲದಿಂದ 3 ಅಂಗುಲಕ್ಕೆ ಇಳಿಯಿತು.

ಈ ವ್ಯತ್ಯಾಸಗಳು ಜೋಡಿಸುವಾಗಲೇ ಗೊತ್ತಾಗುತ್ತವೆ. ಕಣ್ಣಿಗೆ ಬೀಳದೆ ಹಾನಿ ಮಾಡುವುದು ಸಮತೋಲನದ ತೂಕ. 1970ರಿಂದ 1980ರವರೆಗೆ ತಯಾರಾದ 400 ಘನ ಅಂಗುಲದ ಸ್ಮಾಲ್ ಬ್ಲಾಕ್‌ಗೆ ತೂಕ ಬೆಸೆದ ತಟ್ಟೆಯೇ ಬೇಕು. ಹಳೆಯ 350ಕ್ಕೆ ತೂಕವಿಲ್ಲದ ತಟ್ಟೆ ಸಾಕು. ಫೋರ್ಡ್‌ನ 302 ಎಂಜಿನ್ನಿನಲ್ಲಿ ಈ ಅಳತೆ 28 ಔನ್ಸ್-ಅಂಗುಲವಿತ್ತು. 1980ರ ದಶಕದ ಆರಂಭದಲ್ಲಿ ಅದು 50ಕ್ಕೆ ಏರಿತು. ತಪ್ಪು ತಟ್ಟೆಯೂ ಸಲೀಸಾಗಿ ಕೂಡುತ್ತದೆ, ಎಂಜಿನ್ನೂ ಚಾಲೂ ಆಗುತ್ತದೆ. ಆದರೆ ನಡುಕ ನಿಲ್ಲುವುದಿಲ್ಲ, ಬೇರಿಂಗ್‌ಗಳು ಬಾಳುವುದಿಲ್ಲ.

1997ರಲ್ಲಿ ಕಾರ್ವೆಟ್ ಕಾರಿನೊಂದಿಗೆ ಬಂದ ಎಲ್‌ಎಸ್ ಸರಣಿಯಲ್ಲಿ ಸಮಸ್ಯೆ ಬೇರೆ. ಬಹುತೇಕ ಎಲ್‌ಎಸ್ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ನ ಹಿಂತುದಿ ಹಳೆಯ ಎಂಜಿನ್ನಿಗಿಂತ ಸುಮಾರು 0.4 ಅಂಗುಲ, ಅಂದರೆ 10 ಮಿ.ಮೀ. ಮುಂದಿದೆ. ಟರ್ಬೊ 400ರಂತಹ ಹಳೆಯ ಗೇರ್‌ಬಾಕ್ಸ್ ಕೂಡಿಸುವಾಗ ನಡುವೆ ಸ್ಪೇಸರ್, ಉದ್ದದ ಬೋಲ್ಟ್ ಮತ್ತು ಅದಕ್ಕೊಪ್ಪುವ ತಟ್ಟೆ ಬೇಕಾಗುತ್ತವೆ. ಕನ್ವರ್ಟರ್‌ನ ಮೂತಿಗೆ ಕ್ರ್ಯಾಂಕ್‌ನಲ್ಲಿ ಆಧಾರ ಸಿಗುವುದೂ ಸ್ಪೇಸರ್‌ನಿಂದಲೇ.

ಜೋಡಣೆಯ ಕ್ರಮ

ಮೊದಲು ಬ್ಯಾಟರಿ ಸಂಪರ್ಕ ತೆಗೆಯಬೇಕು. ಕ್ರ್ಯಾಂಕ್‌ನ ಹಿಂತುದಿಯ ಮುಖದಲ್ಲಿ ಬಣ್ಣ, ತುಕ್ಕು ಉಳಿಯದಂತೆ ಶುಚಿ ಮಾಡಿ, ತಟ್ಟೆಯ ಯಾವ ಮುಖ ಎಂಜಿನ್ನಿನ ಕಡೆಗೆ ಎಂಬ ಗುರುತನ್ನು ನೋಡಿ ಕೂರಿಸಬೇಕು. ಹಳೆಯ ಸ್ಮಾಲ್ ಬ್ಲಾಕ್‌ಗೆ ಸುಮಾರು 80 ನ್ಯೂಟನ್ ಮೀಟರ್, ಎಲ್‌ಎಸ್‌ಗೆ ಮೂರು ಹಂತಗಳಲ್ಲಿ ಸುಮಾರು 100 ನ್ಯೂಟನ್ ಮೀಟರ್ ಬಿಗಿತ ರೂಢಿಯಲ್ಲಿದೆ. ತಯಾರಕರ ಕೈಪಿಡಿಯ ಅಂಕಿಯೇ ಅಂತಿಮ. ಎಂಜಿನ್ ಬ್ಲಾಕ್‌ನ ಹಿಂಬದಿಯಲ್ಲಿರುವ ಎರಡು ಡೋವೆಲ್ ಪಿನ್‌ಗಳು ಸ್ಥಾನದಲ್ಲಿವೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಗೇರ್‌ಬಾಕ್ಸ್ ನೇರವಾಗಿ ಕೂರಲು ಇವೇ ಆಧಾರ. ಪಿನ್ ಕಳೆದುಹೋದ ಎಂಜಿನ್ನಿಗೆ ಎಷ್ಟು ಹೊಸ ತಟ್ಟೆ ಹಾಕಿದರೂ ಬಿರುಕು ತಪ್ಪದು.

ಕನ್ವರ್ಟರ್‌ಗೆ ಸ್ವಲ್ಪ ದ್ರವ ಸುರಿದು, ತಿರುಗಿಸುತ್ತಾ ಗೇರ್‌ಬಾಕ್ಸ್‌ನೊಳಗೆ ತಳ್ಳಬೇಕು. ಇನ್‌ಪುಟ್ ಶಾಫ್ಟ್, ಸ್ಟೇಟರ್ ಶಾಫ್ಟ್ ಹಾಗೂ ಪಂಪ್, ಈ ಮೂರರಲ್ಲೂ ಅದು ಕೂರಬೇಕಾದ್ದರಿಂದ ಒಂದೊಂದು ಹಂತದಲ್ಲೂ ಒಳಕ್ಕೆ ಇಳಿದದ್ದು ಕೈಗೆ ತಿಳಿಯುತ್ತದೆ. ಬಳಿಕ ಬೆಲ್‌ಹೌಸಿಂಗ್ ಎಂಜಿನ್ನಿನೊಂದಿಗೆ ಕೈಬಲದಿಂದಲೇ ಕೂಡಬೇಕು. ಅದು ಕೂಡದೆ ಬೋಲ್ಟ್ ಬಿಗಿದು ಎಳೆಯುವುದೇ ಈ ಕೆಲಸದ ಮಹಾಪರಾಧ. ಪಂಪ್ ಒಡೆದು ಗೇರ್‌ಬಾಕ್ಸ್ ಚಾಲೂ ಆಗುವ ಮುನ್ನವೇ ಹಾಳಾಗುತ್ತದೆ.

ಬೆಲ್‌ಹೌಸಿಂಗ್ ಕೂಡಿದ ಮೇಲೆ ಕನ್ವರ್ಟರ್ ಇನ್ನೂ ಸಲೀಸಾಗಿ ತಿರುಗಬೇಕು. ಆಗ ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿ, ತಟ್ಟೆಗೂ ಅದಕ್ಕೂ ನಡುವಿನ ಅಂತರವನ್ನು ಅಳೆಯಬೇಕು. ಸಾಮಾನ್ಯವಾಗಿ 3ರಿಂದ 5 ಮಿ.ಮೀ. ಇರಬೇಕು. ಅಂತರವೇ ಇಲ್ಲದಿದ್ದರೆ ಉಬ್ಬಿದ ಕನ್ವರ್ಟರ್ ಒಂದೆಡೆ ಪಂಪನ್ನೂ ಇನ್ನೊಂದೆಡೆ ಕ್ರ್ಯಾಂಕ್‌ನ ಥ್ರಸ್ಟ್ ಬೇರಿಂಗನ್ನೂ ಒತ್ತುತ್ತದೆ. ಹೆಚ್ಚಿದ್ದರೆ ಕನ್ವರ್ಟರ್ ಮುಂದಕ್ಕೆ ಎಳೆಯಲ್ಪಟ್ಟು ಪಂಪಿನ ಹಿಡಿತ ಸಡಿಲವಾಗುತ್ತದೆ. ಪ್ರತಿ ಬೋಲ್ಟಿಗೂ ಒಂದೇ ದಪ್ಪದ ಗಟ್ಟಿ ವಾಷರ್ ಸೇರಿಸಿ ಇದನ್ನು ಸರಿಪಡಿಸಬಹುದು.

ಕನ್ವರ್ಟರ್ ಬೋಲ್ಟ್‌ಗಳೆಲ್ಲವನ್ನೂ ಮೊದಲು ಕೈಯಿಂದ ಹಿಡಿಸಿ, ಕ್ರ್ಯಾಂಕನ್ನು ಮುಂಬದಿಯಿಂದ ತಿರುಗಿಸುತ್ತಾ ಒಂದೊಂದಾಗಿ ಬಿಗಿಯಬೇಕು. ಬೋಲ್ಟ್ ಉದ್ದವಾದರೆ ಅದರ ತುದಿ ಕನ್ವರ್ಟರ್‌ನ ಮುಂಗವಚವನ್ನು ಒತ್ತಿ ತಗ್ಗು ಮಾಡುತ್ತದೆ. ಲಾಕಪ್ ಕ್ಲಚ್ ಒಳಗಿನಿಂದ ಉಜ್ಜುವುದು ಅದೇ ಮುಖವನ್ನು. ಹಾಗಾಗಿ ಹೊಸ ತಟ್ಟೆಯ ದಪ್ಪ ಹಳೆಯದಕ್ಕಿಂತ ಕಡಿಮೆಯಿದ್ದಲ್ಲಿ ಹಳೆಯ ಬೋಲ್ಟ್‌ಗಳನ್ನು ಅಳೆಯದೆ ಬಳಸಬಾರದು.