ಒಂದು ರೋಲರ್ ಜೋರು, ಇನ್ನೊಂದು ನಿಧಾನ: ಕೊಪ್ಪಳದವರಿಗೆ ಯಾಕೆ ಬೇಕು ಈ 'ಅಸಮ ರೋಲಿಂಗ್' ಲೆಕ್ಕ?

ಗಂಗಾವತಿಯ ರೈಸ್‌ಮಿಲ್ಲೊಂದರಲ್ಲಿ ಶೆಲ್ಲರ್ ನೋಡುತ್ತ ನಿಂತಿದ್ದೆ. ಎರಡು ರಬ್ಬರ್ ರೋಲರ್‌ಗಳ ನಡುವೆ ಭತ್ತ ಬೀಳುತ್ತದೆ, ಕೆಳಗೆ ಹೊಟ್ಟು ಬಿಟ್ಟ ಅಕ್ಕಿ ಬರುತ್ತದೆ. "ಎರಡೂ ಒಂದ ಸ್ಪೀಡಿಗೆ ತಿರುಗಿದ್ರ ಹೊಟ್ಟು ಬಿಡೂದಿಲ್ರೀ. ಒಂದು ಜೋರು ಓಡಬೇಕು, ಇನ್ನೊಂದು ಹಿಂದ ಉಳೀಬೇಕು" ಎಂದರು ಆಪರೇಟರ್. ಅಂದರೆ ಒತ್ತಿದರಷ್ಟೇ ಸಾಲದು, ಒತ್ತುತ್ತಲೇ ಉಜ್ಜಬೇಕು. ಇದೇ ಉಪಾಯವನ್ನು ಲೋಹದ ತಗಡಿಗೆ ಹಚ್ಚಿದರೆ ಅದು ಅಸಮ ರೋಲಿಂಗ್.

ಏನಿದು?

ಸಾಮಾನ್ಯ ರೋಲಿಂಗ್ ಮಿಲ್ಲಿನಲ್ಲಿ ಮೇಲಿನ, ಕೆಳಗಿನ ರೋಲರ್‌ಗಳು ಒಂದೇ ಗಾತ್ರದವು, ಒಂದೇ ವೇಗದವು. ನಡುವೆ ಸಿಕ್ಕ ಲೋಹ ಚಪ್ಪಟೆಯಾಗಿ ಉದ್ದವಾಗುತ್ತದೆ. ಅಸಮ ರೋಲಿಂಗ್‌ನಲ್ಲಿ ಒಂದು ರೋಲರ್‌ನ ವೇಗ ಹೆಚ್ಚಿಸುತ್ತಾರೆ, ಇಲ್ಲವೇ ಒಂದನ್ನು ದಪ್ಪ ಮಾಡುತ್ತಾರೆ, ಇಲ್ಲವೇ ಒಂದು ಕಡೆ ಮಾತ್ರ ಎಣ್ಣೆ ಹಚ್ಚುತ್ತಾರೆ. ಆಗ ತಗಡಿನ ಒಂದು ಮುಖವನ್ನು ಮುಂದಕ್ಕೆ ಎಳೆದಂತೆ, ಇನ್ನೊಂದನ್ನು ಹಿಂದಕ್ಕೆ ಹಿಡಿದಂತೆ ಆಗುತ್ತದೆ. ಒಳಗಿನ ಪದರಗಳು ಒಂದರ ಮೇಲೊಂದು ಜಾರುತ್ತವೆ.

ಲಾಭ ಏನು?

ಲೋಹದೊಳಗೆ ಲಕ್ಷಾಂತರ ಸಣ್ಣ ಹರಳುಗಳಿರುತ್ತವೆ. ಈ ಉಜ್ಜುವಿಕೆ ಅವನ್ನು ಇನ್ನೂ ಸಣ್ಣದಾಗಿಸುತ್ತದೆ. ಹರಳು ಸಣ್ಣದಾದಷ್ಟೂ ತಗಡು ಗಟ್ಟಿ. ಹರಳುಗಳು ಮುಖ ಮಾಡಿರುವ ದಿಕ್ಕೂ ಬದಲಾಗುತ್ತದೆ. ಅಲ್ಯೂಮಿನಿಯಂ ತಗಡನ್ನು ಒತ್ತಿ ಪಾತ್ರೆ, ಕಾರಿನ ಬಾಗಿಲು ಮಾಡುವಾಗ ಅದು ತೆಳುವಾಗಿ ಹರಿಯದಂತೆ ತಡೆಯಲು ಇದು ನೆರವಾಗಬಲ್ಲದು.

ಮೆಗ್ನೀಸಿಯಂ ಕಥೆ ಇನ್ನೂ ಸ್ವಾರಸ್ಯ. ಮಾಮೂಲಿ ರೋಲಿಂಗ್ ಆದ ಮೇಲೆ ಅದರ ಹರಳಿನ ಪದರಗಳು ಇಸ್ಪೀಟ್ ಎಲೆಗಳ ಹಾಗೆ ತಗಡಿಗೆ ಸಮಾನಾಂತರವಾಗಿ ಮಲಗಿಬಿಡುತ್ತವೆ. ತಣ್ಣಗಿರುವಾಗ ಬಗ್ಗಿಸಿದರೆ ಬಿರುಕು. ಅಸಮ ರೋಲಿಂಗ್ ಆ ಪದರಗಳನ್ನು ಸ್ವಲ್ಪ ವಾಲಿಸುತ್ತದೆ, ತಗಡು ಬಗ್ಗುವ ಗುಣ ಪಡೆಯುತ್ತದೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.85 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7, ಮೆಗ್ನೀಸಿಯಂ 1.74 ಮಾತ್ರ. ಎಲೆಕ್ಟ್ರಿಕ್ ವಾಹನ ಮಾಡುವವರಿಗೆ ಈ ಹಗುರ ಲೋಹಗಳ ಮೇಲೆ ಕಣ್ಣಿರುವುದು ಇದಕ್ಕೇ.

ತೊಡಕು?

ಇದೆ. ಎರಡು ಮುಖಗಳಿಗೆ ಬೇರೆ ಬೇರೆ ವೇಗ ಸಿಕ್ಕಿದರೆ ತಗಡು ಹಪ್ಪಳದ ಹಾಗೆ ಮುರುಟುತ್ತದೆ. ವೇಗದ ಅಂತರ ಅತಿಯಾದರೆ ರೋಲರ್ ಜಾರುತ್ತದೆ, ತಗಡಿನ ಮೈ ಕೆಡುತ್ತದೆ. ಒಂದು ಮೋಟಾರ್ ಮೇಲೆ ಹೆಚ್ಚು ಭಾರ ಬೀಳುತ್ತದೆ. ಹೀಗಾಗಿ ಪ್ರಯೋಗಾಲಯದಲ್ಲಿ ಗೆದ್ದಷ್ಟು ಸುಲಭವಾಗಿ ಈ ವಿದ್ಯೆ ಕಾರ್ಖಾನೆಯಲ್ಲಿ ಗೆದ್ದಿಲ್ಲ.

ನಮಗೂ ಇದಕ್ಕೂ ಏನು ಸಂಬಂಧ?

ನಮ್ಮ ಜಿಲ್ಲೆಗೆ ಲೋಹ ಹೊಸದಲ್ಲ. ಗಿಣಿಗೇರಾ, ಬೇವಿನಹಳ್ಳಿ ಸುತ್ತ ಅದಿರು ಕರಗಿಸುವ ಕುಲುಮೆಗಳಿವೆ. 2025ರ ಫೆಬ್ರುವರಿ 24ರಂದು ಬೃಹತ್ ಉಕ್ಕು ಕಾರ್ಖಾನೆ ಬೇಡವೆಂದು ಕೊಪ್ಪಳ ಬಂದ್ ಆಗಿತ್ತು. ಇಂಥ ಚರ್ಚೆಗಳಲ್ಲಿ 'ಆಧುನಿಕ ತಂತ್ರಜ್ಞಾನ' ಎಂಬ ಮಾತು ಬಂದೇ ಬರುತ್ತದೆ. ಅದನ್ನು ಕೇಳಿದಾಗ ನನ್ನ ಮೊದಲ ಪ್ರಶ್ನೆ: ಯಾವ ಹಂತದ ತಂತ್ರಜ್ಞಾನ?

ಲೋಹದ ದಾರಿ ಉದ್ದ. ಅದಿರು, ಕುಲುಮೆ, ಎರಕ, ರೋಲಿಂಗ್, ಆಮೇಲೆ ವಸ್ತು. ಕಲ್ಲಿದ್ದಲು ಸುಡುವುದು, ಬೂದಿ, ಹೊಗೆ ಹೆಚ್ಚಾಗಿ ಮೊದಲ ಹಂತಗಳಲ್ಲಿ. ರೋಲಿಂಗ್ ಎಷ್ಟೇ ನಾಜೂಕಾದರೂ ಕುಲುಮೆಯ ಚಿಮಣಿ ಶುದ್ಧವಾಗುವುದಿಲ್ಲ. ಬೆಲೆ ಹೆಚ್ಚುವುದು ಮಾತ್ರ ಕೊನೆಯ ಹಂತಗಳಲ್ಲಿ. ಮೊದಲ ಹಂತ ನಮ್ಮೂರಲ್ಲಿ, ಕೊನೆಯದು ಬೇರೆಲ್ಲೋ ಆದರೆ ಧೂಳು ನಮಗೆ, ಲಾಭ ಇನ್ಯಾರಿಗೋ.

ಹಾಗಂತ ಈ ವಿದ್ಯೆಯನ್ನು ತಳ್ಳಿಹಾಕುವುದೂ ತಪ್ಪು. ತೆಳುವಾದ ತಗಡೇ ದಪ್ಪ ತಗಡಿನ ಕೆಲಸ ಮಾಡಿದರೆ ಅಷ್ಟು ಲೋಹ ಕಡಿಮೆ ಸಾಕು. ಅದಿರಿನಿಂದ ಒಂದು ಟನ್ ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಸಾವಿರ ಯೂನಿಟ್ ಕರೆಂಟ್ ಬೇಕು. ಗುಜರಿಯಿಂದ ಮರಳಿ ಕರಗಿಸಿದರೆ ಅದರ ಶೇ. 5ರಷ್ಟು ಶಕ್ತಿ ಸಾಕು. ಉಳಿಸಿದ ಪ್ರತಿ ಕಿಲೋ ಎಲ್ಲೋ ಒಂದು ಗುಡ್ಡವನ್ನು, ಒಂದು ಹೊಲವನ್ನು ಉಳಿಸಬಹುದು. ಆದರೆ ಉಳಿಸಿದ್ದಕ್ಕಿಂತ ಹೆಚ್ಚು ಉತ್ಪಾದಿಸಿದರೆ ಆ ಲೆಕ್ಕವೂ ಉಲ್ಟಾ.

2006ರ ಇಐಎ ಅಧಿಸೂಚನೆಯಂತೆ, ಸಾರ್ವಜನಿಕ ಅಹವಾಲು ಸಭೆಗೆ ಮುಂಚೆ ಪರಿಸರ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕು. ಕುಷ್ಟಗಿ ಇರಲಿ, ಯಲಬುರ್ಗಾ ಇರಲಿ, ನಿಮ್ಮೂರ ಹತ್ತಿರ ಅಂಥ ಸಭೆ ನಡೆದರೆ ಅದನ್ನು ಓದಿಕೊಂಡೇ ಹೋಗಿ. ಮೂರು ಪ್ರಶ್ನೆ ಕೇಳಿ: ಇಲ್ಲಿ ನಡೆಯುವುದು ಯಾವ ಹಂತ? ಆ ಹಂತದ ಹೊಗೆ, ನೀರಿನ ಲೆಕ್ಕ ಏನು? ಕೊನೆಯ ಹಂತದ ಕೆಲಸ ನಮ್ಮ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರಿಗೆ ಎಷ್ಟು ಸಿಗುತ್ತದೆ?