ಜೀಬ್ರಾಮೀನಿನ ಬೆಳವಣಿಗೆ ವಂಶವಾಹಿಯ ಸಂಶೋಧನೆಗೆ ಬಳಸುವ ಪ್ಲಾಸ್ಮಿಡ್: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ
ಜೀಬ್ರಾಮೀನು ಭಾರತ, ನೇಪಾಳ ಹಾಗೂ ಬಾಂಗ್ಲಾದೇಶದ ತೊರೆ, ಗದ್ದೆಗಳ ನೀರಿನಲ್ಲಿ ವಾಸಿಸುವ ಚಿಕ್ಕ ಮೀನಾಗಿರುತ್ತದೆ. 1800-01ರಲ್ಲಿ ಮೈಸೂರು ಸೀಮೆಯ ಸಮೀಕ್ಷೆ ನಡೆಸಿದ ಫ್ರಾನ್ಸಿಸ್ ಬುಕಾನನ್ ಅವರೇ ಗಂಗಾ ನದಿಯ ಮೀನುಗಳನ್ನು ಕುರಿತ ತಮ್ಮ 1822ರ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿರುತ್ತಾರೆ. ಇದರ ಭ್ರೂಣವು ತಾಯಿಯ ದೇಹದ ಹೊರಗೆ ಬೆಳೆಯುತ್ತದೆ ಹಾಗೂ ಪಾರದರ್ಶಕವಾಗಿರುತ್ತದೆ. 28.5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 24 ಗಂಟೆಗಳಲ್ಲಿ ಶರೀರದ ಮೂಲ ರಚನೆ ಮೂಡುತ್ತದೆ. ಮಾನವನ ವಂಶವಾಹಿಗಳ ಪೈಕಿ ಸುಮಾರು ಶೇ. 70ರಷ್ಟಕ್ಕೆ ಈ ಮೀನಿನಲ್ಲಿ ಸಂವಾದಿ ವಂಶವಾಹಿಗಳಿವೆ ಎಂದು 2013ರಲ್ಲಿ ಪ್ರಕಟವಾಗಿರುತ್ತದೆ.

2. ಪ್ಲಾಸ್ಮಿಡ್ ಎಂದರೇನು?
ಪ್ಲಾಸ್ಮಿಡ್ ಎಂಬುದು ಬ್ಯಾಕ್ಟೀರಿಯಾದೊಳಗೆ ತಾನಾಗಿಯೇ ಪ್ರತಿಗೊಳ್ಳುವ ಉಂಗುರಾಕಾರದ ಡಿಎನ್‌ಎ. ಈ ಕ್ಷೇತ್ರದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಪಿಸಿಎಸ್2+ ಪ್ಲಾಸ್ಮಿಡ್ ಸುಮಾರು 4,100 ಬೇಸ್ ಜೋಡಿಗಳಷ್ಟು ಉದ್ದವಿದ್ದು, ಈ ಕೆಳಕಂಡ ಭಾಗಗಳನ್ನು ಹೊಂದಿರುತ್ತದೆ.
ಅ) ಜೀವಕೋಶದೊಳಗೆ ವಂಶವಾಹಿಯನ್ನು ಚಾಲನೆಗೊಳಿಸುವ ಸಿಎಂವಿ ಪ್ರಮೋಟರ್.
ಆ) ಪ್ರನಾಳದಲ್ಲಿ ಎಂಆರ್‌ಎನ್‌ಎ ತಯಾರಿಸಲು ಎಸ್‌ಪಿ6 ಪ್ರಮೋಟರ್.
ಇ) ಪ್ಲಾಸ್ಮಿಡ್ ಹೊಂದಿದ ಬ್ಯಾಕ್ಟೀರಿಯಾವನ್ನು ಆಯ್ಕೆಮಾಡಲು ಆಂಪಿಸಿಲಿನ್ ನಿರೋಧಕ ವಂಶವಾಹಿ.

3. ಉದಾಹರಣೆ
'ನೋ ಟೇಲ್' ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿರುವ ಭ್ರೂಣದಲ್ಲಿ ಬಾಲ ಹಾಗೂ ಬೆನ್ನುಹುರಿಯ ಕೆಳಗಿನ ಆಧಾರದಂಡ ಬೆಳೆಯುವುದಿಲ್ಲ. ಇಂತಹ ವಂಶವಾಹಿಯ ಸರಿಯಾದ ಪ್ರತಿಯನ್ನು ಪ್ಲಾಸ್ಮಿಡ್‌ಗೆ ಸೇರಿಸಿ, ಅದರಿಂದ ಎಂಆರ್‌ಎನ್‌ಎ ತಯಾರಿಸಿ, ಒಂದು ಕೋಶದ ಹಂತದ ಭ್ರೂಣಕ್ಕೆ ಸೂಕ್ಷ್ಮಸೂಜಿಯಿಂದ ಚುಚ್ಚಿ ಪರಿಣಾಮವನ್ನು ಗಮನಿಸಲಾಗುತ್ತದೆ. ಪ್ರಯೋಗಕ್ಕೆ ಮುನ್ನ ಸೇರಿಸಿದ ಭಾಗದ ಅನುಕ್ರಮವನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

4. ಅರ್ಜಿಯಲ್ಲಿ ಸ್ಪಷ್ಟಪಡಿಸಬೇಕಾದ ಮುಖ್ಯ ಅಂಶ
ಭ್ರೂಣಕ್ಕೆ ಎಂಆರ್‌ಎನ್‌ಎ ನೀಡಲಾಗುವುದೋ ಅಥವಾ ಪ್ಲಾಸ್ಮಿಡ್ ಡಿಎನ್‌ಎಯನ್ನೇ ನೀಡಲಾಗುವುದೋ ಎಂಬುದನ್ನು ತಪ್ಪದೇ ನಮೂದಿಸತಕ್ಕದ್ದು. ಎಂಆರ್‌ಎನ್‌ಎ ಕೆಲವೇ ದಿನಗಳಲ್ಲಿ ನಶಿಸುತ್ತದೆ. ಡಿಎನ್‌ಎ ಕೆಲವೊಮ್ಮೆ ಮೀನಿನ ವರ್ಣತಂತುವಿಗೆ ಸೇರಿ ಮುಂದಿನ ಪೀಳಿಗೆಗೂ ಸಾಗಬಹುದು. ಜೀಬ್ರಾಮೀನು ನಮ್ಮ ದೇಶದ ನೀರಿನದೇ ಆದ ಕಾರಣ, ತಪ್ಪಿಸಿಕೊಂಡ ಮೀನು ಕಾಡುಸಂತತಿಯೊಡನೆ ಕೂಡುವ ಸಂಭವವಿರುತ್ತದೆ. ಆದುದರಿಂದ ಪ್ರಯೋಗದ ಮೀನು ಮತ್ತು ಮೊಟ್ಟೆಗಳನ್ನು ಕೆರೆ, ಚರಂಡಿಗಳಿಗೆ ಬಿಡಬಾರದು. ಬ್ಯಾಕ್ಟೀರಿಯಾ ತ್ಯಾಜ್ಯವನ್ನು ಆಟೋಕ್ಲೇವ್‌ನಲ್ಲಿ ನಿಷ್ಕ್ರಿಯಗೊಳಿಸಿದ ನಂತರವೇ ವಿಲೇವಾರಿ ಮಾಡತಕ್ಕದ್ದು.

5. ಅನುಮೋದನೆ
ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ ಹೊರಡಿಸಲಾದ 1989ರ ನಿಯಮಗಳ ಮೇರೆಗೆ ಇಂತಹ ಕಾರ್ಯ ಕೈಗೊಳ್ಳುವ ಸಂಸ್ಥೆಯು ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿಯನ್ನು ಹೊಂದಿರಬೇಕಾಗಿರುತ್ತದೆ. ಸದರಿ ಸಮಿತಿಯಲ್ಲಿ ಸಂಸ್ಥೆಯ ಮುಖ್ಯಸ್ಥರು, ವಿಜ್ಞಾನಿಗಳು, ವೈದ್ಯಕೀಯ ತಜ್ಞರು ಹಾಗೂ ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ನಾಮನಿರ್ದೇಶಿತರು ಇರುತ್ತಾರೆ. ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ ಕೆಲವು ಪ್ರಯೋಗಗಳಿಗೆ ಸಮಿತಿಗೆ ಮಾಹಿತಿ ನೀಡಿದರೆ ಸಾಕು. ಕೆಲವಕ್ಕೆ ಪೂರ್ವಾನುಮತಿ ಅವಶ್ಯಕ. ಹೆಚ್ಚಿನ ಅಪಾಯದ ಪ್ರಯೋಗಗಳು ಕೇಂದ್ರದ ತಳಿ ಮಾರ್ಪಾಡು ಪರಿಶೀಲನಾ ಸಮಿತಿಯ ಮುಂದೆ ಹೋಗುತ್ತವೆ. ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಕಾರ್ಯ ಪ್ರಾರಂಭಿಸುವ ಮುನ್ನವೇ ಖಚಿತಪಡಿಸಿಕೊಳ್ಳತಕ್ಕದ್ದು.

6. ಪ್ಲಾಸ್ಮಿಡ್ ಪಡೆಯುವ ಬಗೆ
2004ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಲಾಭರಹಿತ ಸಂಸ್ಥೆ ಆಡ್‌ಜೀನ್ ಪ್ಲಾಸ್ಮಿಡ್‌ಗಳನ್ನು ಸಂಗ್ರಹಿಸಿ ಸಂಶೋಧಕರಿಗೆ ಒದಗಿಸುತ್ತದೆ. ಇದಕ್ಕೆ ವಸ್ತು ವರ್ಗಾವಣೆ ಒಪ್ಪಂದ ಅಗತ್ಯವಿದ್ದು, ಸಂಸ್ಥೆಯ ಪರವಾಗಿ ಅಧಿಕೃತ ವ್ಯಕ್ತಿಯು ಒಪ್ಪಿಗೆ ನೀಡಬೇಕಾಗಿರುತ್ತದೆ. ವಿದ್ಯಾರ್ಥಿಗಳು ವೈಯಕ್ತಿಕವಾಗಿ ಬೇಡಿಕೆ ಸಲ್ಲಿಸದೆ ತಮ್ಮ ಮಾರ್ಗದರ್ಶಕರ ಹಾಗೂ ಸಂಸ್ಥೆಯ ಮೂಲಕವೇ ಮುಂದುವರಿಯುವುದು.