ಲೀಟರಿನ ಲೆಕ್ಕ, ಗಾಳಿಯ ದಾರಿ: ಪುಟ್ಟ ಗೇಮಿಂಗ್ ಕಂಪ್ಯೂಟರ್ ಬೆಳೆದು ಬಂದ ಬಗೆ

ಗೇಮಿಂಗ್ ಕಂಪ್ಯೂಟರ್ ಅಂದರೆ ಮೊಣಕಾಲೆತ್ತರದ ಕ್ಯಾಬಿನೆಟ್, ಎರಡು ಕಡೆ ಗಾಜು, ಒಳಗೆ ಹತ್ತು ಫ್ಯಾನು, ಬಣ್ಣಬಣ್ಣದ ದೀಪ ಎಂಬ ಭಾವನೆ ಈಗ ಗಟ್ಟಿಯಾಗಿ ಬೇರೂರಿದೆ. ಅಷ್ಟೇ ಶಕ್ತಿಯ ಯಂತ್ರವನ್ನು ಊಟದ ಕ್ಯಾರಿಯರ್ ಗಾತ್ರದ ಡಬ್ಬಿಯಲ್ಲಿ ಕೂರಿಸಬಹುದು ಎಂದರೆ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, ‘ಅದು ಬಿಸಿಯಾಗಿ ಕೆಟ್ಟುಹೋಗುತ್ತದೆ’. ಇನ್ನೊಂದು, ‘ಅದೆಲ್ಲ ದುಡ್ಡಿದ್ದವರ ಶೋಕಿ’. ಇವೆರಡೂ ತಪ್ಪು. ಆದರೆ ಈ ತಪ್ಪಿಗೆ ಪುಟ್ಟ ಕಂಪ್ಯೂಟರಿನ ಅಭಿಮಾನಿಗಳೂ ತಮ್ಮ ಪಾಲು ಸಲ್ಲಿಸಿದ್ದಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಕ್ಯಾಬಿನೆಟ್ ಎಷ್ಟು ಲೀಟರಿನದು ಎಂದು ತಿಳಿಯುತ್ತದೆ. ಈ ಒಂದು ಅಂಕಿಯನ್ನು ಇಳಿಸುವುದೇ ಸಾಧನೆ ಎಂಬಂತೆ ಇತ್ತೀಚಿನ ಬರಹಗಳೆಲ್ಲ ಮಾತಾಡುತ್ತಿವೆ. ಬಿಸಿಯಾಗುತ್ತದೆ ಎಂದು ಹೆದರಿಸುವವರೂ ಲೀಟರು ಎಣಿಸುವವರೂ ನಂಬಿರುವುದು ಒಂದನ್ನೇ: ಡಬ್ಬಿಯ ಗಾತ್ರವೇ ಬಿಸಿಯನ್ನು ತೀರ್ಮಾನಿಸುತ್ತದೆ ಎಂದು. ಈ ಕ್ಷೇತ್ರದ ಇಪ್ಪತ್ತೈದು ವರ್ಷಗಳ ಅನುಭವ ಹೇಳುವುದು ಬೇರೆಯದನ್ನು. ತಂಪು ಗಾಳಿ ಎಲ್ಲಿಂದ ಒಳಬರುತ್ತದೆ, ಬಿಸಿ ಗಾಳಿ ಎಲ್ಲಿಂದ ಹೊರಹೋಗುತ್ತದೆ, ಹೋದದ್ದು ಮತ್ತೆ ಒಳಗೆ ಬರುತ್ತದೆಯೇ — ತೀರ್ಮಾನವಾಗುವುದು ಇಲ್ಲಿ.

ಮೊದಲ ಘಟ್ಟವನ್ನು ಬೇಗ ದಾಟಬಹುದು. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ಮಾನಕ ಮದರ್‌ಬೋರ್ಡಿನ ಅಳತೆಯನ್ನು 305×244 ಮಿ.ಮೀ.ಗೆ ಗೊತ್ತುಮಾಡಿತು. ಕ್ಯಾಬಿನೆಟ್‌ಗಳ ಗಾತ್ರವೂ ಅದಕ್ಕೆ ಹೊಂದಿಕೊಂಡಿತು. ತೈವಾನಿನ ಶಟಲ್ ಕಂಪನಿ 2001ರಲ್ಲಿ ಎಸ್‌ವಿ24 ಎಂಬ ಪುಟ್ಟ ಪೆಟ್ಟಿಗೆಯನ್ನೂ ಮರುವರ್ಷ ಎಸ್‌ಎಸ್51ಜಿಯನ್ನೂ ತಂದಿತು. ಎರಡನೆಯದರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಎಜಿಪಿ ಸ್ಲಾಟ್ ಇತ್ತು, ಪ್ರೊಸೆಸರಿನ ಬಿಸಿಯನ್ನು ಹೀಟ್‌ಪೈಪ್ ಮೂಲಕ ಹಿಂಬದಿಯ ಫ್ಯಾನಿಗೆ ಒಯ್ಯುವ ಏರ್ಪಾಡಿತ್ತು. ಸ್ನೇಹಿತರ ಮನೆಗೆ ಯಂತ್ರ ಹೊತ್ತುಕೊಂಡು ಹೋಗಿ ಆಡುತ್ತಿದ್ದವರಿಗೆ ಅದು ವರವಾಯಿತು. ಆದರೆ ಒಳಗಿನ ಬೋರ್ಡು ಆ ಪೆಟ್ಟಿಗೆಗೆ ಮಾತ್ರ ಕೂರುವಂಥದ್ದು. ಪ್ರೊಸೆಸರಿನ ಸಾಕೆಟ್ ಬದಲಾದರೆ ಪೆಟ್ಟಿಗೆಯೇ ಗುಜರಿಗೆ. ಅದೇ 2001ರಲ್ಲಿ ವಿಯಾ ಕಂಪನಿ 17×17 ಸೆಂ.ಮೀ.ನ ಮಿನಿ-ಐಟಿಎಕ್ಸ್ ಅಳತೆಯನ್ನು ಮುಂದಿಟ್ಟಿತು. ವಿಯಾದ ಪ್ರೊಸೆಸರುಗಳು ಆಟಕ್ಕೆ ಬೇಕಾದ ವೇಗದವಲ್ಲ, ಅವು ಹಿಂದೆ ಬಿದ್ದವು. ಆದರೆ ಯಾರು ಬೇಕಾದರೂ ಬಳಸಬಹುದಾದ ಆ ಅಳತೆಯೂ ಅದರ ನಾಲ್ಕು ಸ್ಕ್ರೂ ತೂತುಗಳೂ ಉಳಿದುಕೊಂಡವು. ಮುಂದಿನದೆಲ್ಲ ನಿಂತಿರುವುದು ಆ ನಾಲ್ಕು ತೂತುಗಳ ಮೇಲೆ.

2009ರ ಹೊತ್ತಿಗೆ ಇಂಟೆಲ್‌ನ ಪ್ರೊಸೆಸರುಗಳು ಮೆಮೊರಿ ಮತ್ತು ಗ್ರಾಫಿಕ್ಸ್ ಸ್ಲಾಟಿನ ನಿಯಂತ್ರಣವನ್ನು ತಮ್ಮೊಳಗೇ ಎಳೆದುಕೊಂಡವು. ಬೋರ್ಡಿನ ಮೇಲಿದ್ದ ನಾರ್ತ್‌ಬ್ರಿಡ್ಜ್ ಎಂಬ ದೊಡ್ಡ ಚಿಪ್ಪು ಹೋಯಿತು, 17 ಸೆಂ.ಮೀ. ಚೌಕದಲ್ಲಿ ಪೂರ್ತಿ ವೇಗದ ಸ್ಲಾಟಿಗೆ ಜಾಗ ಸಿಕ್ಕಿತು. ಸಿಲ್ವರ್‌ಸ್ಟೋನ್‌ನ ಶುಗೋ ಎಸ್‌ಜಿ05 ಸುಮಾರು 10.8 ಲೀಟರಿನಲ್ಲಿ ಇಡೀ ಯಂತ್ರವನ್ನು ಕೂರಿಸಿತು. 2012ರಲ್ಲಿ ಬಂದ ಬಿಟ್‌ಫೀನಿಕ್ಸ್ ಪ್ರಾಡಿಜಿ ಮಿನಿ-ಐಟಿಎಕ್ಸ್ ಎಂಬ ಹೆಸರನ್ನು ಮನೆಮಾತು ಮಾಡಿತು. ಬಾಗುವ ಹಿಡಿಕೆ, ಸುಂದರ ರೂಪ, ಎಲ್ಲ ಸರಿ; ಪುಟ್ಟದು ಎಂದು ಕರೆಯುವಷ್ಟು ಪುಟ್ಟದಾಗಿರಲಿಲ್ಲ, ಅಷ್ಟೇ.

ನನ್ನ ತಲೆಮಾರಿನವರಿಗೆ ಕಣ್ಣು ತೆರೆಸಿದ್ದು 2013ರ ಎನ್‌ಕೇಸ್ ಎಂ1. ಇಬ್ಬರು ಹವ್ಯಾಸಿಗಳು ತಮ್ಮ ನಕಾಶೆಯನ್ನು ಎಲ್ಲರೆದುರು ಇಟ್ಟು, ಬಂದ ಟೀಕೆಗಳಿಗೆ ತಕ್ಕಂತೆ ಮಿಲಿಮೀಟರ್ ಮಿಲಿಮೀಟರ್ ತಿದ್ದಿದರು. ಜನರಿಂದಲೇ ಹಣ ಕೂಡಿಸಿ, ತೈವಾನಿನ ಲಿಯಾನ್ ಲಿ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿಸಿದರು. 240×160×328 ಮಿ.ಮೀ., ಅಂದರೆ 12.6 ಲೀಟರು. ಇದರ ಗುಣ ಅಂಕಿಯಲ್ಲಿಲ್ಲ, ಜೋಡಣೆಯಲ್ಲಿದೆ. ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಅನ್ನು ಹಿಂದಿನಿಂದ ತೆಗೆದು ಮುಂದಿನ ಫಲಕದ ಹಿಂದೆ ನಿಲ್ಲಿಸಿದರು. ಗ್ರಾಫಿಕ್ಸ್ ಕಾರ್ಡು ನೇರವಾಗಿ ಮದರ್‌ಬೋರ್ಡಿನ ಸ್ಲಾಟಿನಲ್ಲೇ ಕೂರುತ್ತದೆ, ನಡುವೆ ಕೇಬಲ್ ಇಲ್ಲ. ಕಾರ್ಡಿನ ಕೆಳಗೆ ಎರಡು 120 ಮಿ.ಮೀ. ಫ್ಯಾನಿಗೆ ಜಾಗ, ಪಕ್ಕದಲ್ಲಿ ಇನ್ನೆರಡಕ್ಕೆ, ಹಿಂದೆ ಒಂದು 92 ಮಿ.ಮೀ. ಫ್ಯಾನಿಗೆ. ಫಲಕಗಳೆಲ್ಲ ಕೈಯಲ್ಲಿ ಎಳೆದರೆ ಬಿಚ್ಚಿಕೊಳ್ಳುತ್ತವೆ.

ಇಂಥ ಡಬ್ಬಿಯಲ್ಲಿ ಯಂತ್ರ ಕಟ್ಟುವ ಕ್ರಮವೇ ಬೇರೆ. ದೊಡ್ಡ ಕ್ಯಾಬಿನೆಟ್‌ನಲ್ಲಿ ಯಾವುದನ್ನು ಮೊದಲು ಕೂರಿಸಿದರೂ ನಡೆಯುತ್ತದೆ. ಇಲ್ಲಿ ಪ್ರೊಸೆಸರಿಗೆ ಹೋಗುವ ಎಂಟು ಪಿನ್ನಿನ ಕೇಬಲನ್ನು ಕೂಲರ್ ಕೂರಿಸುವ ಮೊದಲೇ ಸಿಕ್ಕಿಸಬೇಕು, ಆಮೇಲೆ ಬೆರಳು ಹೋಗುವುದಿಲ್ಲ. ಇಪ್ಪತ್ತನಾಲ್ಕು ಪಿನ್ನಿನ ದಪ್ಪ ಕೇಬಲ್ ಎಲ್ಲಿ ಮಡಚಿಕೊಳ್ಳುತ್ತದೆ ಎಂದು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಅದೇ ಫ್ಯಾನಿನ ಬಾಯಿಗೆ ಅಡ್ಡ ಬರುತ್ತದೆ. ಗ್ರಾಫಿಕ್ಸ್ ಕಾರ್ಡಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಅದರ ಸಣ್ಣ ಫ್ಯಾನುಗಳನ್ನೂ ಕಳಚಿ, ಡಬ್ಬಿಯ ತಳದ ಎರಡು ದೊಡ್ಡ ಫ್ಯಾನುಗಳೇ ಕಾರ್ಡಿನ ರೆಕ್ಕೆಗಳಿಗೆ ನೇರ ಗಾಳಿ ಊದುವಂತೆ ಮಾಡುವುದು ಆಗ ನಮ್ಮಲ್ಲಿ ಹಲವರು ಕಲಿತ ವಿದ್ಯೆ. ಗದ್ದಲ ಕಡಿಮೆಯಾಗುತ್ತದೆ, ಬಿಸಿಯೂ ಇಳಿಯುತ್ತದೆ. 60 ಲೀಟರಿನ ಗಾಜಿನ ಪೆಟ್ಟಿಗೆಯಲ್ಲಿ ಮುಂದಿನಿಂದ ಬಂದ ಗಾಳಿ ಕಾರ್ಡನ್ನು ಮುಟ್ಟುವ ಮೊದಲೇ ದಾರಿ ತಪ್ಪಿರುತ್ತದೆ. ಇಲ್ಲಿ ಹೊರಗಿನ ಗಾಳಿಗೂ ಕಾರ್ಡಿಗೂ ನಡುವೆ ಒಂದು ಫ್ಯಾನಿನ ದಪ್ಪ ಮಾತ್ರ.

2016ರಲ್ಲಿ ಜರ್ಮನಿಯಿಂದ ಬಂದ ಡ್ಯಾನ್ ಎ4-ಎಸ್‌ಎಫ್‌ಎಕ್ಸ್ ಇನ್ನೊಂದು ದಾರಿ ಹಿಡಿಯಿತು. ಮದರ್‌ಬೋರ್ಡ್ ಒಂದು ಕಡೆ, ಗ್ರಾಫಿಕ್ಸ್ ಕಾರ್ಡ್ ಅದರ ಬೆನ್ನಿಗೆ ಬೆನ್ನು ಕೊಟ್ಟು ಇನ್ನೊಂದು ಕಡೆ, ಎರಡನ್ನೂ ಜೋಡಿಸುವ ಚಪ್ಪಟೆಯ ರೈಸರ್ ಕೇಬಲ್. ಹೀಗೆ ಗಾತ್ರ 7.2 ಲೀಟರಿಗೆ ಇಳಿಯಿತು. ಈಗ ‘ಸ್ಯಾಂಡ್‌ವಿಚ್’ ಎಂದು ಕರೆಸಿಕೊಳ್ಳುವ ಈ ಜೋಡಣೆಯೇ ಪುಟ್ಟ ಕಂಪ್ಯೂಟರಿನ ಇತಿಹಾಸದ ಶಿಖರ ಎಂದು ಬರೆಯುವ ರೂಢಿ ಬೆಳೆದಿದೆ. ಅದು ಅಪ್ಪಟ ಜಾಣತನದ ವಿನ್ಯಾಸ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೇ ವರ್ಷ ಕೊರ್ಸೇರ್ ಕಂಪನಿ ಅಂಗೈ ಅಗಲದ ಎಸ್‌ಎಫ್‌ಎಕ್ಸ್ ಅಳತೆಯಲ್ಲಿ 450 ಮತ್ತು 600 ವ್ಯಾಟಿನ ಎಸ್‌ಎಂಪಿಎಸ್ ತಂದದ್ದನ್ನು ಮರೆತು ಈ ಕತೆ ಹೇಳಲಾಗದು. ಎಸ್‌ಎಫ್‌ಎಕ್ಸ್ ಮಾನಕ 1997ರಷ್ಟು ಹಳೆಯದು. ಅದರಲ್ಲಿ ಗೇಮಿಂಗಿಗೆ ಸಾಲುವಷ್ಟು ಶಕ್ತಿ, ಸದ್ದಿಲ್ಲದೆ, ಒಳ್ಳೆಯ ಗುಣಮಟ್ಟದಲ್ಲಿ ಸಿಗಲು ಇಷ್ಟು ಕಾಲ ಬೇಕಾಯಿತು. ಕ್ಯಾಬಿನೆಟ್ ಮಾಡಿದವರಿಗೆ ಸಿಕ್ಕ ಹೆಸರು ಎಸ್‌ಎಂಪಿಎಸ್ ಎಂಜಿನಿಯರುಗಳಿಗೆ ಸಿಗಲೇ ಇಲ್ಲ.

ರೈಸರ್ ಕೇಬಲ್ಲಿನ ಕಷ್ಟ ಆಮೇಲೆ ಗೊತ್ತಾಯಿತು. ಗ್ರಾಫಿಕ್ಸ್ ಕಾರ್ಡನ್ನು ಜೋಡಿಸುವ ಪಿಸಿಐಇ ಮಾನಕದ ಮೂರನೇ ಪೀಳಿಗೆಗೆ ಮಾಡಿದ ಕೇಬಲ್, ನಾಲ್ಕನೇ ಪೀಳಿಗೆಯ ಕಾರ್ಡು ಬಂದಾಗ ಅದರ ವೇಗದ ಸಂಕೇತವನ್ನು ಹೊರಲಾರದೆ ಹೋಯಿತು. ಪರದೆ ಕಪ್ಪಾಗುವುದು, ಆಟದ ನಡುವೆ ಯಂತ್ರ ನಿಲ್ಲುವುದು ಇವಕ್ಕೆ ಬಯೋಸ್‌ನಲ್ಲಿ ಕೈಯಾರೆ ಮೂರನೇ ಪೀಳಿಗೆಗೆ ಇಳಿಸುವುದೇ ಮದ್ದಾಯಿತು. ಬಿಸಿಯ ಕಡೆ ನೋಡಿದರೆ, ಎ4ರಲ್ಲಿ ಪ್ರೊಸೆಸರ್ ಕೂಲರಿಗೆ ಸಿಗುವ ಎತ್ತರ 48 ಮಿ.ಮೀ. ಮಾತ್ರ. ನಾಕ್ಟುವಾ ಎನ್‌ಎಚ್-ಎಲ್9ಐ 37 ಮಿ.ಮೀ. ಎತ್ತರದ್ದು. ಅದರ ಫ್ಯಾನಿಗೂ ಪಕ್ಕದ ಫಲಕಕ್ಕೂ ನಡುವೆ ಉಳಿಯುವ 11 ಮಿ.ಮೀ. ಸಂದಿಯಲ್ಲೇ ಎಲ್ಲ ಗುಟ್ಟೂ ಇದೆ. ಸಂದಿ ತೆರೆದಿದ್ದರೆ ಕೂಲರಿನಿಂದ ಹೊರಬಿದ್ದ ಬಿಸಿಗಾಳಿ ಅಲ್ಲಿಂದಲೇ ಸುತ್ತಿ ಬಂದು ಮತ್ತೆ ಫ್ಯಾನಿನೊಳಗೆ ಹೋಗುತ್ತದೆ. ಸ್ಟೇಷನರಿ ಅಂಗಡಿಯ ಫೋಮ್ ಶೀಟನ್ನು ಫ್ಯಾನಿನ ಅಳತೆಗೆ ಚೌಕಟ್ಟಿನಂತೆ ಕತ್ತರಿಸಿ ಆ ಸಂದಿಗೆ ಕೂರಿಸಿದರೆ ಫ್ಯಾನು ಹೊರಗಿನ ಗಾಳಿಯನ್ನು ಮಾತ್ರ ಎಳೆಯುತ್ತದೆ. ಬೇರೇನನ್ನೂ ಬದಲಿಸದೆ ಪ್ರೊಸೆಸರಿನ ತಾಪ ಹಲವು ಡಿಗ್ರಿ ಇಳಿಯುತ್ತದೆ. ಹವ್ಯಾಸಿಗಳ ಈ ಉಪಾಯವನ್ನೇ ಮುಂದೆ ನಾಕ್ಟುವಾ ಸಿದ್ಧವಸ್ತುವಾಗಿ ಮಾರಿತು. ಲೀಟರು ಬದಲಾಗಲಿಲ್ಲ, ಗಾಳಿಯ ದಾರಿ ಬದಲಾಯಿತು.

ಆಮೇಲೆ ಬಂದವು ಬಹಳ. ಸ್ವೀಡನ್ನಿನ ಗೋಸ್ಟ್ ಎಸ್1, ಫಾರ್ಮ್‌ಡಿ ಟಿ1, ನಾಲ್ಕು ಲೀಟರಿನ ಆಸುಪಾಸಿಗೆ ಇಳಿದ ವೆಲ್ಕಾ. ಇವುಗಳಲ್ಲಿ ಹಲವು ನೋಡಲು ಒಡವೆಯಂಥವು, ಬೆಲೆಯೂ ಹಾಗೇ. ಇವೆಲ್ಲವುಗಳಿಗಿಂತ ಈ ಕ್ಷೇತ್ರಕ್ಕೆ ಹೆಚ್ಚು ಉಪಕಾರ ಮಾಡಿದ್ದು 2020ರ ಕೂಲರ್ ಮಾಸ್ಟರ್ ಎನ್‌ಆರ್200 ಎಂದೇ ನನ್ನ ಖಚಿತ ಅಭಿಪ್ರಾಯ. 18.25 ಲೀಟರು, ಉಕ್ಕಿನ ತಗಡು, 330 ಮಿ.ಮೀ. ಉದ್ದದ ಕಾರ್ಡಿಗೆ ಜಾಗ, ತಳದಲ್ಲೂ ತಲೆಯ ಮೇಲೂ ಫ್ಯಾನು, ಸಾಮಾನ್ಯ ಕ್ಯಾಬಿನೆಟ್‌ನ ಬೆಲೆ. ಎಂ1ರ ಪಾಠವನ್ನು ಜನಸಾಮಾನ್ಯರ ಕೈಗೆ ಎಟುಕಿಸಿದ್ದು ಇದು. ಲೀಟರು ಎಣಿಸುವವರು ಇದನ್ನು ದೊಡ್ಡದು ಎಂದು ತಳ್ಳಿಹಾಕುತ್ತಾರೆ. ಕಾಲೇಜು ಹುಡುಗರು ಮೊದಲ ಸಲ ಪುಟ್ಟ ಯಂತ್ರ ಕಟ್ಟಿದ್ದು ಇದರಲ್ಲೇ ಎಂಬುದು ಸಮೀಕ್ಷೆಗಳಲ್ಲಿ ಬರುವುದೇ ಇಲ್ಲ.

ಅಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡುಗಳು ಊದಿಕೊಂಡವು. 2016ರ ಜಿಟಿಎಕ್ಸ್ 1080ಕ್ಕೆ 180 ವ್ಯಾಟ್ ಸಾಕಿತ್ತು. 2020ರ ಆರ್‌ಟಿಎಕ್ಸ್ 3080ಕ್ಕೆ 320, 2022ರ 4090ಕ್ಕೆ 450, 2025ರ 5090ಕ್ಕೆ 575. ಎಎಂಡಿ 2015ರಲ್ಲೇ ಹದಿನೈದು ಸೆಂ.ಮೀ. ಉದ್ದದ ಆರ್9 ನ್ಯಾನೋದಲ್ಲಿ 175 ವ್ಯಾಟಿಗೆ ದೊಡ್ಡ ಕಾರ್ಡಿನ ಶಕ್ತಿ ತುಂಬಿ ತೋರಿಸಿತ್ತು. ಆ ಕವಲು ಬತ್ತಿಹೋದದ್ದು ಈ ಕ್ಷೇತ್ರಕ್ಕಾದ ದೊಡ್ಡ ನಷ್ಟ. 2024ರಲ್ಲಿ ಎನ್‌ವಿಡಿಯಾ ಪುಟ್ಟ ಕ್ಯಾಬಿನೆಟ್‌ಗೆ ಹೊಂದುವ ಕಾರ್ಡು 304 ಮಿ.ಮೀ. ಉದ್ದ, 151 ಮಿ.ಮೀ. ಎತ್ತರ, 50 ಮಿ.ಮೀ. ದಪ್ಪವನ್ನು ಮೀರಬಾರದು ಎಂದು ಮಾರ್ಗಸೂಚಿ ಹೊರಡಿಸಿತು. ಇಂಥದ್ದೊಂದು ಮಿತಿ ಎಷ್ಟೋ ವರ್ಷ ಮೊದಲೇ ಬರಬೇಕಿತ್ತು.

ಈ ಊತಕ್ಕೆ ಕಟ್ಟುವವರು ಕಂಡುಕೊಂಡ ಉತ್ತರ ವೋಲ್ಟೇಜ್ ಇಳಿಸುವುದು. ಕಾರ್ಖಾನೆಯವರು ಕೊನೆಯ ಒಂದಿಷ್ಟು ವೇಗಕ್ಕಾಗಿ ಚಿಪ್ಪಿಗೆ ಬಹಳ ವಿದ್ಯುತ್ ಕುಡಿಸಿರುತ್ತಾರೆ. 4090 ಕಾರ್ಡಿನ ಮಿತಿಯನ್ನು 450ರಿಂದ 320 ವ್ಯಾಟಿನ ಸುಮಾರಿಗೆ ಇಳಿಸಿದರೆ ವೇಗ ಕುಗ್ಗುವುದು ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ಇದನ್ನು ರಾಜಿ ಎಂದು ಕರೆಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಇದು ಕಟ್ಟುವ ಕೆಲಸದ ಅರ್ಧ. ಸ್ಕ್ರೂ ಬಿಗಿಮಾಡಿದ ಮೇಲೆ ಫಲಕ ಮುಚ್ಚಿ, ಒಂದು ಗಂಟೆ ಆಟ ಓಡಿಸಿ, ವ್ಯಾಟು ಮತ್ತು ತಾಪವನ್ನು ಬರೆದಿಟ್ಟುಕೊಂಡು ತಿದ್ದದ ಯಂತ್ರ ಮುಗಿದ ಯಂತ್ರವಲ್ಲ.

ಇತ್ತೀಚಿನ ಇನ್ನೊಂದು ಕವಲು ಎಲ್ಲವನ್ನೂ ಒಂದೇ ಬೋರ್ಡಿನ ಮೇಲೆ ಬೆಸುಗೆ ಹಾಕುವುದು. 2025ರ ಫ್ರೇಮ್‌ವರ್ಕ್ ಡೆಸ್ಕ್‌ಟಾಪ್ 4.5 ಲೀಟರಿನದು, ಎಎಂಡಿಯ ರೈಜನ್ ಎಐ ಮ್ಯಾಕ್ಸ್ ಚಿಪ್ಪು ಅದರಲ್ಲಿದೆ. ಮಿನಿ-ಐಟಿಎಕ್ಸ್ ಅಳತೆಯ ಬೋರ್ಡನ್ನೇ ಬಳಸಿದ್ದಾರೆ ಎಂಬುದು ಮೆಚ್ಚಬೇಕಾದ ಸಂಗತಿ. ಆದರೆ ಮೆಮೊರಿ ಬೆಸೆದುಹೋಗಿದೆ. ಮೂರು ವರ್ಷದ ಮೇಲೆ ಹೆಚ್ಚು ಬೇಕೆಂದರೆ ಬೋರ್ಡೇ ಬದಲಾಗಬೇಕು. ಶಟಲ್ ಕಾಲದ ಸಮಸ್ಯೆ ಇದರೊಂದಿಗೆ ಮರಳಿ ಬಂದಿದೆ. ಈ ವರ್ಷ ಕಾರ್ಡು, ಮುಂದಿನ ವರ್ಷ ಪ್ರೊಸೆಸರು ಎಂದು ಕಂತಿನ ಮೇಲೆ ಯಂತ್ರ ಬೆಳೆಸುವ ನಮ್ಮವರಿಗೆ ಇದು ಸಣ್ಣ ವಿಷಯವಲ್ಲ.

ಈ ಇಡೀ ಬೆಳವಣಿಗೆಯಲ್ಲಿ ಎದ್ದು ಕಾಣುವ ಕೊರತೆಯೊಂದಿದೆ. ನಾವು ಓದುವ ಪರೀಕ್ಷೆಗಳ ಬಹುಪಾಲು ನಡೆಯುವುದು 20ರಿಂದ 25 ಡಿಗ್ರಿಯ ಕೋಣೆಯಲ್ಲಿ. 22 ಡಿಗ್ರಿಯ ಕೋಣೆಯಲ್ಲಿ ಪ್ರೊಸೆಸರ್ 75 ಡಿಗ್ರಿ ತೋರಿಸಿದರೆ ಅದು ಕೋಣೆಗಿಂತ 53 ಡಿಗ್ರಿ ಮೇಲಿದೆ. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಅದೇ ಲೆಕ್ಕ 95ಕ್ಕೆ ನಿಲ್ಲುತ್ತದೆ. ಗೇಮಿಂಗಿಗೆ ಬಹಳ ಜನ ಆರಿಸುವ ರೈಜನ್ 7 7800ಎಕ್ಸ್3ಡಿ 89 ಡಿಗ್ರಿಗೇ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಅಂದರೆ ‘ಅತ್ಯುತ್ತಮ’ ಎಂದು ಪದಕ ಪಡೆದ ಜೋಡಣೆ ಅಲ್ಲಿ ಹಾಗೆ ನಡೆಯುವುದೇ ಇಲ್ಲ. ಜೊತೆಗೆ ನಮ್ಮ ಧೂಳು. ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಗಾಳಿ ಕಡಿಮೆಯಾಗುತ್ತದೆ, ಹಾಕದಿದ್ದರೆ ಕೆಲವೇ ತಿಂಗಳಲ್ಲಿ ಕೂಲರಿನ ರೆಕ್ಕೆಗಳ ನಡುವೆ ನಾರು ಕಟ್ಟುತ್ತದೆ. ಕರೆಂಟು ಹೋದಾಗ ಅಗ್ಗದ ಯುಪಿಎಸ್ ಕೊಡುವ ಮೆಟ್ಟಿಲು ಮೆಟ್ಟಿಲಾದ ಅಲೆಗೆ ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇರುವ ಎಸ್‌ಎಂಪಿಎಸ್ ಕೆಲವೊಮ್ಮೆ ಒಗ್ಗದೆ ಯಂತ್ರವೇ ಆರಿಹೋಗುತ್ತದೆ. ಹೊರಗಿನ ಸಮೀಕ್ಷೆಗಳಲ್ಲಿ ಇವಕ್ಕೆಲ್ಲ ಒಂದು ಸಾಲಿನ ಜಾಗವಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಅದು ನಾವು ಮಾಡಬೇಕಾದ ಕೆಲಸ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗಾಜಿನ ಕ್ಯಾಬಿನೆಟ್ ಸಾಲುಸಾಲಾಗಿ ಸಿಗುತ್ತದೆ. ಹದಿನೈದು ಲೀಟರಿನದು ಬೇಕೆಂದರೆ ತರಿಸಿಕೊಡುತ್ತೇವೆ ಎನ್ನುತ್ತಾರೆ, ಹೊರಗಿನಿಂದ ಬರುವಾಗ ಸಾಗಣೆ, ಸುಂಕ, ಜಿಎಸ್‌ಟಿ ಸೇರಿ ಬೆಲೆ ಏರಿರುತ್ತದೆ. ಅದೇ ಊರಿನ ಪೀಣ್ಯದಲ್ಲಿ ತಗಡನ್ನು ಲೇಸರಿನಲ್ಲಿ ಕತ್ತರಿಸುವ, ಬಗ್ಗಿಸುವ, ಪೌಡರ್ ಕೋಟಿಂಗ್ ಮಾಡುವ ಶೆಡ್ಡುಗಳು ಬೀದಿಗೊಂದಿವೆ. ಎಂ1 ಮಾಡಿದ ಇಬ್ಬರ ಬಳಿ ಕಾರ್ಖಾನೆ ಇರಲಿಲ್ಲ, ನಕಾಶೆ ಇತ್ತು. ಇಲ್ಲಿ ಬೇಕಾಗಿರುವ ನಕಾಶೆಯೂ ಕಷ್ಟದ್ದಲ್ಲ: ಹದಿನೈದು ಲೀಟರಿನ ಸುತ್ತಮುತ್ತ, ರೈಸರ್ ಇಲ್ಲದ ಜೋಡಣೆ, ತಳದಲ್ಲಿ ಎರಡು 120 ಮಿ.ಮೀ. ಫ್ಯಾನು, ಅವುಗಳ ಕೆಳಗೆ ಸ್ಕ್ರೂಡ್ರೈವರ್ ಇಲ್ಲದೆ ಎಳೆದು ನಲ್ಲಿಯ ಕೆಳಗೆ ತೊಳೆಯಬಹುದಾದ ಜಾಲರಿ, ಜಾಲರಿಗೆ ಗಾಳಿ ಸರಾಗವಾಗಿ ಸಿಗಲು ಎತ್ತರದ ಕಾಲುಗಳು. ಅದರೊಂದಿಗೆ ಮೇ ತಿಂಗಳಲ್ಲಿ, ಎ.ಸಿ. ಇಲ್ಲದ ಕೋಣೆಯಲ್ಲಿ, ಫಲಕಗಳನ್ನೆಲ್ಲ ಮುಚ್ಚಿ ಅಳೆದ ತಾಪದ ಪಟ್ಟಿಯೂ ಇರಬೇಕು.